ನಾಯಕ ಕುಡಿದ ಮಜ್ಜಿಗೆ

ನದಿಗೆ ಸೇತುವೆ ಇರಲಿಲ್ಲ. ಇದೆ ಎಂದು ಊರಿನವರೆಲ್ಲ ಹೇಳುತ್ತಿದ್ದರು, ಏಕೆಂದರೆ ಅದನ್ನು ನಾಯಕ ಕಟ್ಟಿದ್ದ. ಚಿತ್ರ ಮೂಡುವ ಬಿಳಿ ಬಟ್ಟೆಯ ಮೇಲೆ ಕಟ್ಟಿದ್ದ. ಎದೆಮಟ್ಟ ನೀರಿನಲ್ಲಿ ನಿಂತು, ಹೆಗಲ ಮೇಲೆ ಕಲ್ಲು ಹೊತ್ತು, ಒಂದು ಹಾಡು ಮುಗಿಯುವಷ್ಟರಲ್ಲಿ ಕಟ್ಟಿದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಮರುದಿನ ಊರಿನವರು ದೋಣಿಯನ್ನು ಒಡೆದು ಸೌದೆ ಮಾಡಿಕೊಂಡರು. ಸೇತುವೆಯಾದ ಮೇಲೆ ದೋಣಿ ಯಾಕೆ?

ಬಟ್ಟೆಯ ಮೇಲೆ ಆದದ್ದು ಆಯಿತು, ಆದದ್ದನ್ನು ಬಟ್ಟೆಯಿಂದ ಆಚೆ ಮತ್ತೆ ಮಾಡಕೂಡದು. ಆ ಊರಿಗೆ ಇದ್ದ ಕಟ್ಟಳೆ ಇದೊಂದೇ. ಉಳಿದ ಕಟ್ಟಳೆಗಳೆಲ್ಲ ಇದರ ನೆರಳಿನಲ್ಲಿ ಬಾಡಿ ಸತ್ತಿದ್ದವು.

ನಾಯಕ ಬಟ್ಟೆಯ ಮೇಲೆ ಹಸಿದವರಿಗೆ ಅನ್ನ ಹಾಕಿದ. ಅಂದಿನಿಂದ ಊರಿನಲ್ಲಿ ಯಾರೂ ಹಸಿದವರಿಗೆ ಅನ್ನ ಹಾಕಲಿಲ್ಲ, ಹಾಕಿ ಆಗಿತ್ತಲ್ಲ. ನಾಯಕ ಬಟ್ಟೆಯ ಮೇಲೆ ಸತ್ತ ತಾಯಿಯ ಪಾದ ಹಿಡಿದು ಅತ್ತ. ಅಂದಿನಿಂದ ಗಂಡುಮಕ್ಕಳು ತಾಯಿ ಸತ್ತರೆ ಅಳಲಿಲ್ಲ. ಅತ್ತು ಆಗಿತ್ತಲ್ಲ, ಅದೂ ಎಷ್ಟು ಚೆನ್ನಾಗಿ. ನಾಯಕ ಬಟ್ಟೆಯ ಮೇಲೆ ದುಷ್ಟರನ್ನು ಸದೆಬಡಿದ. ಊರಿನ ದುಷ್ಟರು ಮುಂದಿನ ಸಾಲಿನಲ್ಲಿ ಕೂತು ನೋಡಿ, ಎದ್ದು ನಿಂತು ಚಪ್ಪಾಳೆ ತಟ್ಟಿ, ಹಗುರಾಗಿ ಮನೆಗೆ ಹೋಗಿ ತಮ್ಮ ಕೆಲಸ ಮುಂದುವರಿಸಿದರು.

ಊರಿನವರು ಹೆಡ್ಡರೆಂದು ತಿಳಿಯಬಾರದು. ಹೆಡ್ಡತನಕ್ಕೆ ಮದ್ದಿದೆ, ಯಾರಾದರೂ ಒಬ್ಬರು ತಿಳಿಹೇಳಿದರೆ ಹೋಗುತ್ತದೆ. ಇವರು ಮೈಗಳ್ಳರು. ಸೇತುವೆ ಕಟ್ಟುವುದಕ್ಕಿಂತ ಸೇತುವೆ ಕಟ್ಟಿದವನಿಗೆ ಹಾರ ಹಾಕುವುದು ಸುಲಭ ಎಂದು ಅವರು ಬಹಳ ಬೇಗ ಕಂಡುಕೊಂಡಿದ್ದರು.

ಊರಿನ ನಡುವೆ ಒಂದು ಹಜಾರ. ಅದರ ಕಿಟಕಿಗಳಿಗೆ ಹಗಲಿಡೀ ಕಂಬಳಿ ಹೊದಿಸಿರುತ್ತಿದ್ದರು. ಒಳಗೆ ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ. ಜನ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದರು. ಚಿತ್ರ ಮುಗಿದ ಮೇಲೆ ಬಟ್ಟೆಯ ಅಂಚನ್ನು ಕಣ್ಣಿಗೆ ಒತ್ತಿಕೊಂಡು ಬರುತ್ತಿದ್ದರು. ಒಂದು ಚಿತ್ರ ಮುಗಿದರೆ ಬಟ್ಟೆಯನ್ನು ಇಳಿಸಿ ನದಿಗೆ ಕಳಿಸುತ್ತಿದ್ದರು, ಅಷ್ಟೊಂದು ಕೆಲಸಗಳಾದ ಬಟ್ಟೆ ಕೊಳೆಯಾಗಿರುತ್ತದೆ ಎಂದು. ಅದನ್ನು ಒಗೆಯುವುದಕ್ಕೆ ಒಬ್ಬಳು ಇದ್ದಳು. ಒಗೆಯುವವಳು ಎಂದೇ ಅವಳ ಹೆಸರು. ಅಂಥ ದೊಡ್ಡ ಬಟ್ಟೆಯನ್ನು ಹಿಂಡಲು ಇನ್ನೊಂದು ತುದಿಯನ್ನು ಯಾರಾದರೂ ಹಿಡಿಯಬೇಕು. ಆ ತುದಿಯನ್ನು ಹಿಡಿಯುತ್ತಿದ್ದವನು ಬೀಳುವವನು.

ಬೀಳುವವನ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬಹುದು. ಚಿತ್ರ ತೆಗೆಯುವಾಗ ನಾಯಕ ಗೋಡೆಯಿಂದ ಹಾರಬೇಕಾದರೆ, ನಾಯಕನ ಅಂಗಿ ತೊಟ್ಟು ಅವನು ಹಾರುತ್ತಿದ್ದ. ಬೆಂಕಿಗೆ ನುಗ್ಗಬೇಕಾದರೆ ನುಗ್ಗುತ್ತಿದ್ದ. ಸೇತುವೆಯ ಕಲ್ಲು ಹೊತ್ತು ನೀರಿನಲ್ಲಿ ನಿಂತದ್ದೂ ಅವನೇ. ನೀರಿನಿಂದ ಮೇಲೆದ್ದ ಮುಖ ಮಾತ್ರ ನಾಯಕನದು. ಒಂದು ಸಲ ಹಾರಿದಾಗ ಬೀಳುವವನ ಬಲಗಾಲು ಮುರಿಯಿತು. ಮೂಳೆ ಕಟ್ಟುವವನು ಬಂದು ನೋಡಿ, ಕೈತೊಳೆದುಕೊಂಡು ಹೊರಟ.

"ಬಟ್ಟೆಯ ಮೇಲೆ ನಾಯಕರು ಹಾರಿದರು, ಎದ್ದರು, ನಡೆದರು. ನಾನೇ ನೋಡಿದೆ. ಕಾಲು ಮುರಿದಿಲ್ಲ," ಎಂದ.

ಮುರಿಯದ ಆ ಕಾಲು ಸೊಟ್ಟಗೆ ಕೂಡಿಕೊಂಡಿತು. ಆಮೇಲೆಯೂ ಅವನು ಹಾರಿದ. ಸೊಟ್ಟ ಕಾಲಿನಿಂದ ಹಾರುವುದು ಅವನಿಗೆ ಅಭ್ಯಾಸವಾಯಿತು, ನೋಡದಿರುವುದು ಊರಿಗೆ ಅಭ್ಯಾಸವಾಯಿತು.

ನಾಯಕನಿಗೆ ಅರವತ್ತು ತುಂಬಿತು.

ಅರವತ್ತು ತುಂಬಿದ ನಾಯಕನ ಬಳಿಗೆ, ಕಟ್ಟಳೆ ಕಾಯುವ ಬಟ್ಟೆಯ ಹಿರಿಯ ಬಂದು ಒಂದು ಪ್ರಶ್ನೆ ಕೇಳುವ ಪದ್ಧತಿ. ಹಿರಿಯ ಬಂದ. ತಲೆಗೆ ರುಮಾಲು, ಹೆಗಲಿಗೆ ಮಡಿಸಿದ ಹಳೆಯ ಬಿಳಿ ಬಟ್ಟೆ.

"ನಾಯಕರೇ, ಬಟ್ಟೆಯಿಂದ ಆಚೆ ನೀವು ಮಾಡಿದ ಕೆಲಸ ಒಂದಾದರೂ ಇದೆಯೇ? ಅದನ್ನು ಕಂಡವರು ಒಬ್ಬರಾದರೂ ಇದ್ದಾರೆಯೇ? ಇದ್ದರೆ ನೀವು ಮನುಷ್ಯರು. ಹುಟ್ಟಿದಾಗ ಇಟ್ಟ ಹೆಸರನ್ನು ತಿರುಗಿ ಕೊಡುತ್ತೇವೆ, ಮನೆಗೆ ಹೋಗಿ. ಇಲ್ಲದಿದ್ದರೆ ನೀವು ಬಟ್ಟೆಯವರು. ಮೂರು ದಿನ ಕೊಟ್ಟಿದ್ದೇವೆ."

ಬಟ್ಟೆಯವರಾಗುವುದು ಎಂದರೇನೆಂದು ನಾಯಕ ಕಂಡಿದ್ದ. ಹಜಾರದ ಹಿಂದಿನ ಗೋಡೆಯಲ್ಲಿ ಒಂದು ಗೂಡು. ಹಿಂದಿನ ನಾಯಕನನ್ನು ಕುತ್ತಿಗೆಯಿಂದ ಕಾಲಿನವರೆಗೆ ಹಳೆಯ ಬಟ್ಟೆಯಲ್ಲಿ ಸುತ್ತಿ ಅದರಲ್ಲಿ ಕೂರಿಸಿದ್ದರು. ಹತ್ತು ವರ್ಷ ಕೂತಿದ್ದ. ದಿನಕ್ಕೆರಡು ಸಲ ಆರತಿ. ತನ್ನ ಚಿತ್ರಗಳಲ್ಲಿ ಆಡಿದ ಮಾತು ಬಿಟ್ಟು ಬೇರೆ ಮಾತು ಆಡುವಂತಿಲ್ಲ. ಒಂದು ದಿನ ನಾಯಕ ದರ್ಶನಕ್ಕೆ ಹೋದಾಗ ಆ ಮುದುಕನ ತುಟಿಯ ಮೇಲೆ ನೊಣ ಕೂತಿತ್ತು. ಮುದುಕ ಕಣ್ಣಿನಲ್ಲೇ ಬೇಡಿಕೊಂಡ. "ಎಲವೋ ಪಾತಕಿ, ಈ ನೆಲ ನನ್ನದು!" ಎಂದ. ಜನ ಜಯಕಾರ ಹಾಕಿದರು. ನೊಣ ಓಡಿಸಿ ಎಂಬ ಮಾತು ಅವನ ಯಾವ ಚಿತ್ರದಲ್ಲೂ ಇರಲಿಲ್ಲ. ಈಗ ಅವನು ಸತ್ತು ಗೂಡು ಖಾಲಿಯಾಗಿತ್ತು. ಗುಡಿಸಿ, ಸುಣ್ಣ ಬಳಿದು ಇಟ್ಟಿದ್ದರು.

"ಮೂರು ದಿನ ಯಾಕೆ? ಮೂರು ಗಳಿಗೆ ಸಾಕು," ಎಂದ ನಾಯಕ, ಮೀಸೆಯ ಮೇಲೆ ಕೈಯಾಡಿಸಿ. ಬಾಗಿಲ ತನಕ ಹೋಗಿ ನಿಂತ. ಬಾಗಿಲು ತೆರೆಯಲಿಲ್ಲ. ಮೂವತ್ತೈದು ವರ್ಷದಿಂದ ಬಾಗಿಲುಗಳನ್ನು ಅವನಿಗಾಗಿ ಯಾರೋ ತೆರೆಯುತ್ತಿದ್ದರು. ಅಂದು ಯಾರೂ ಜೊತೆಗಿರಕೂಡದೆಂದು ಪದ್ಧತಿ. ಚಿಲಕ ಎತ್ತಬೇಕೋ ಎಳೆಯಬೇಕೋ ಎಂದು ತಿಳಿಯದೆ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಮೊದಲ ದಿನ ಅವನು ಬೀದಿಗೆ ಹೋದ. ಬೀದಿ ಅವನ ಕಾಲಿಗೆ ಬಿತ್ತು.

"ನಾನು ನಿಮಗೆ ಏನಾದರೂ ಮಾಡಿದ್ದೇನೆಯೇ? ನೆನಪಿದ್ದರೆ ಹೇಳಿ," ಎಂದು ಕೇಳಿದ.

"ಏನು ಮಾತು ದೊರೆ! ನನ್ನ ತಂಗಿಯ ಮಾನ ಕಾಪಾಡಿದಿರಿ!"

"ಎಲ್ಲಿ?"

"ಬಟ್ಟೆಯ ಮೇಲೆ!"

"ನನ್ನ ಹೊಲ ಬಿಡಿಸಿಕೊಟ್ಟಿರಿ!"

"ಎಲ್ಲಿ?"

"ಬಟ್ಟೆಯ ಮೇಲೆ ದೊರೆ, ಆ ಧೂಳಿನಲ್ಲಿ, ಕುದುರೆ ಮೇಲೆ ಬಂದು!"

ಹೊಲ ಯಾರ ಕೈಯಲ್ಲಿದೆ ಎಂದು ನಾಯಕ ಕೇಳಲಿಲ್ಲ. ಕೇಳುವುದಕ್ಕೆ ಮೊದಲೇ ಅವನ ಅಂಗಿಯ ಗುಂಡಿ ಕಿತ್ತುಕೊಂಡು ಒಬ್ಬ ಓಡಿದ.

ನದಿಯ ದಂಡೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಗಂಡಸಿನ ಪಂಚೆ. ನಾಯಕನನ್ನು ಕಂಡು ಎದ್ದು ಕೈಮುಗಿದಳು.

"ನಮ್ಮೋರು ಆಚೆ ದಂಡೆಗೆ ಹೋಗಿದ್ದಾರೆ ದೊರೆ. ನೀವು ಕಟ್ಟಿದ ಸೇತುವೆ ಮೇಲೇ ನಡ್ಕೊಂಡು ಹೋದರು. ಇಲ್ಲಿಂದ ಹತ್ತು ಹೆಜ್ಜೆ ಹೋಗೋದು ನೋಡಿದೆ, ಆಮೇಲೆ ಕಾಣಲಿಲ್ಲ. ಆಚೆ ಏನೋ ಕೆಲಸ ಹೆಚ್ಚಾಗಿರಬೇಕು. ಮುಂದಿನ ಹುಣ್ಣಿಮೆಗೆ ಎರಡು ವರ್ಷ."

ನಾಯಕ ನೀರನ್ನು ನೋಡಿದ. ಸೇತುವೆ ಇಲ್ಲ ತಾಯಿ ಎಂಬ ಮಾತು ಅವನ ಗಂಟಲಿನವರೆಗೆ ಬಂತು. ಆ ಒಂದು ಮಾತು ಆಡಿದ್ದರೆ ಅದೇ ಒಂದು ಕೆಲಸವಾಗುತ್ತಿತ್ತು, ಎದುರಿಗೆ ಕಂಡವಳೂ ಇದ್ದಳು. ಅವನು ಅಲ್ಲಿಂದಲೇ ಮನೆಗೆ ಹೋಗಬಹುದಿತ್ತು. ಆದರೆ ಹೆಂಗಸು ಅವನ ಮುಖವನ್ನು ದೇವರನ್ನು ನೋಡುವ ಹಾಗೆ ನೋಡುತ್ತಿದ್ದಳು. ಅಂಥ ನೋಟವನ್ನು ಕೈಯಾರೆ ಕೆಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

"ಬರುತ್ತಾರೆ ತಾಯಿ. ನಾನಿದ್ದೇನೆ," ಎಂದ. ನಾನಿದ್ದೇನೆ ಎನ್ನುವುದು ಅವನ ಏಳು ಚಿತ್ರಗಳ ಕೊನೆಯ ಮಾತು. ಹೆಂಗಸು ಪಂಚೆಯನ್ನು ಕಣ್ಣಿಗೆ ಒತ್ತಿಕೊಂಡಳು.

ಕೆಟ್ಟವನೇ ಎಂದರೆ ಅಲ್ಲ. ಕೆಟ್ಟವನಾಗುವುದಕ್ಕೂ ಏನಾದರೂ ಮಾಡಬೇಕಾಗುತ್ತದೆ.

ಎರಡನೆಯ ದಿನ ಅವನು ಹೆಂಡತಿಯ ಮನೆಗೆ ಹೋದ. ಅವಳು ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಳು. ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದವಳು ತಲೆಯೆತ್ತಿ ನೋಡಿದಳು, ಮೊರದಲ್ಲಿದ್ದ ಅಕ್ಕಿಯನ್ನು ಮತ್ತೆ ನೋಡಿದಳು.

"ಯಾರು ಬೇಕಿತ್ತು?"

"ನಾನು."

"ಅದು ಕಾಣಿಸುತ್ತೆ. ಊರಲ್ಲಿ ಯಾವ ಗೋಡೆ ನೋಡಿದರೂ ನೀವೇ. ಮೊನ್ನೆ ನಮ್ಮ ದನದ ಕೊಟ್ಟಿಗೆ ಗೋಡೆಗೂ ಅಂಟಿಸಿ ಹೋದರು. ಎಮ್ಮೆ ನೆಕ್ಕಿ ನೆಕ್ಕಿ ಮೂಗು ಹೋಯಿತು ನಿಮ್ಮದು."

ನಾಯಕ ಜಗಲಿಯ ಮೇಲೆ ಕೂತ. ಹಿರಿಯ ಕೇಳಿದ್ದನ್ನು ಹೇಳಿದ. "ಬಟ್ಟೆಯಿಂದ ಆಚೆ ನಾನು ಮಾಡಿದ್ದು ಒಂದು ಇದೆಯಲ್ಲ. ನಿನ್ನನ್ನು ಮದುವೆಯಾದೆ. ಅದನ್ನು ಹೇಳು ಸಾಕು."

ಅವಳು ಮೊರವನ್ನು ಕೆಳಗಿಟ್ಟಳು. ನಗುವನ್ನು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ.

"ಆ ವರ್ಷ ನೀವು ಬಟ್ಟೆಯ ಮೇಲೆ ನಾಲ್ಕು ಮದುವೆ ಆಗಿದ್ದಿರಿ. ಐದನೇದಕ್ಕೆ ಹಿರಿಯರು ಒಪ್ಪಲಿಲ್ಲ, ಆದದ್ದನ್ನು ಮತ್ತೆ ಮಾಡಕೂಡದು ಅಂದರು. ನೀವು ಅವತ್ತು ಬರಲೇ ಇಲ್ಲ. ನಾನು ಗೋಡೆ ಕಡೆ ಮುಖ ಮಾಡಿ ನನ್ನ ಕುತ್ತಿಗೆಗೆ ನಾನೇ ತಾಳಿ ಕಟ್ಟಿಕೊಂಡೆ. ಮೂರು ಗಂಟು. ಮೂರನೇದು ಸರಿಯಾಗಿ ಬೀಳಲಿಲ್ಲ, ಕೈ ಹಿಂದೆ ಎಟುಕಬೇಕಲ್ಲ. ನೆನಪಿಲ್ಲವಾ?"

"ಹಾರ ಹಾಕಿದ ನೆನಪು ಇದೆಯಲ್ಲ ನನಗೆ! ಬಾಳೆಕಂಬ, ಓಲಗ..."

"ಅದು ಬಟ್ಟೆಯ ಮೇಲಿನವಳದು."

ನಾಯಕ ಜಗಲಿಯಲ್ಲೇ ಅವಳ ಕಡೆಗೆ ಸರಿದು ಕೂತ. ಆಮೇಲೆ, "ಒಂದು ಸುಳ್ಳು ಹೇಳು. ನನ್ನನ್ನು ಗೂಡಿನಲ್ಲಿ ಕೂರಿಸುತ್ತಾರೆ," ಎಂದ.

"ಸುಳ್ಳು ಹೇಳಬಹುದಿತ್ತು. ಹೇಳಿದರೆ ನೀವು ಈ ಮನೆಗೆ ಬರುತ್ತೀರಲ್ಲ, ಅದೇ ಕಷ್ಟ," ಎಂದು ಅವಳು ಮೊರವನ್ನು ಎತ್ತಿಕೊಂಡಳು. "ಅಕ್ಕಿಗೆ ನೆರಳು ಬೀಳುತ್ತಿದೆ, ಸ್ವಲ್ಪ ಸರಿಯಿರಿ. ಕಲ್ಲು ಕಾಣಿಸೋದಿಲ್ಲ."

ಮೂರನೆಯ ದಿನ ಅವನಿಗೆ ಹೋಗಲು ಮನೆಯಿರಲಿಲ್ಲ. ಕಾಲು ಒಯ್ದ ಕಡೆ ನಡೆದ. ಕಾಲು ಅವನನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ತಂದಿತು. ಒಗೆಯುವವಳು ಮಂಡಿಯವರೆಗೆ ನೀರಿನಲ್ಲಿ ನಿಂತು ಅವನ ಇತ್ತೀಚಿನ ಚಿತ್ರದ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಬೀಳುವವನು ದಂಡೆಯಲ್ಲಿ ಸೊಟ್ಟ ಕಾಲು ಚಾಚಿ ಕೂತು ಬೀಡಿ ಸೇದುತ್ತಿದ್ದ. ನಾಯಕನನ್ನು ಕಂಡು ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟು ಎದ್ದ.

"ಅಣ್ಣಾ! ನೀವು ಇಲ್ಲಿ? ಯಾರಾದರೂ ಬೀಳಬೇಕಾಗಿತ್ತಾ?"

"ಕೂತ್ಕೊಳೋ," ಎಂದಳು ಒಗೆಯುವವಳು, ಬಡಿಯುವುದನ್ನು ನಿಲ್ಲಿಸದೆ. "ಅವನು ಬಂದ ಅಂತ ನೀನ್ಯಾಕೆ ಎದ್ದು ಕುಂಟ್ತೀಯ? ಏನಯ್ಯಾ, ಆ ಕಡೆ ನಿಂತ್ಕೋ. ಚಪ್ಪಲಿ ಕಾಲು ಒಣಗೋ ಬಟ್ಟೆ ಮೇಲೆ ಇಟ್ಟಿದ್ದೀಯ. ಕಣ್ಣು ಕಾಣಲ್ವಾ?"

ನಾಯಕ ಗಡಬಡಿಸಿ ಕಾಲು ತೆಗೆದ. ಅವನನ್ನು ಯಾರಾದರೂ ಬೈದು ಮೂವತ್ತೈದು ವರ್ಷವಾಗಿತ್ತು. ಒದ್ದೆ ಕಲ್ಲಿನ ಮೇಲೆ, ರೇಷ್ಮೆ ಪಂಚೆ ನೆನೆಯುತ್ತಿದ್ದರೂ, ಅವನು ಕೂತುಬಿಟ್ಟ.

"ಇನ್ನೊಂದು ಸಲ ಬೈಯಿ," ಎಂದ.

"ನನಗೇನು ಬೇರೆ ಕೆಲಸ ಇಲ್ವಾ?"

ಯಾರೂ ಕೇಳದಿದ್ದರೂ ನಾಯಕ ಹೇಳತೊಡಗಿದ. "ನಾನು ಹತ್ತೊಂಬತ್ತು ಸಲ ಸತ್ತಿದ್ದೇನೆ. ಹತ್ತೊಂಬತ್ತು ಸಲವೂ ಜನ ಎದೆ ಬಡಿದುಕೊಂಡರು. ನಾನು ಎದ್ದು ಮೈ ಒರೆಸಿಕೊಂಡು ಊಟಕ್ಕೆ ಹೋದೆ. ಈಗ ನಿಜವಾಗಿ ಸಾಯುವುದು ಹೇಗೆಂದು ನನಗೆ ಗೊತ್ತಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ, ಆಗ ಯಾರ ಕಡೆ ನೋಡಬೇಕು, ಒಂದೂ ಗೊತ್ತಿಲ್ಲ. ಮೊದಮೊದಲು ಜನ ನನ್ನನ್ನು ನೋಡಿದರೆ ನಾಚಿಕೆಯಾಗುತ್ತಿತ್ತು. ಆಮೇಲೆ ನೋಡದಿದ್ದರೆ ಭಯವಾಗತೊಡಗಿತು. ಕೋಣೆಯಲ್ಲಿ ಒಬ್ಬನೇ ಇದ್ದರೆ ನಾನು ಇದ್ದೇನೋ ಇಲ್ಲವೋ ಎಂದು ಕೆಮ್ಮಿ ನೋಡಿಕೊಳ್ಳುತ್ತಿದ್ದೆ. ನಾನು ಆಡಿದ ಮಾತೆಲ್ಲ ಯಾರೋ ಬರೆದದ್ದು. ಹಾಡಿದ ಹಾಡು ಇನ್ನೊಬ್ಬನ ಗಂಟಲಿನದು. ಹಾರಿದವನು ಇವನು."

"ನಲವತ್ತೆರಡು ಸಲ," ಎಂದ ಬೀಳುವವನು. "ಬೆಂಕಿ ಬೇರೆ."

"ಹಾಗಾದರೆ ನಿನ್ನದು ಅಂತ ಇದ್ದದ್ದು ಏನಪ್ಪಾ?" ಎಂದಳು ಅವಳು.

"ಮೀಸೆ," ಎಂದ ಬೀಳುವವನು, ಮೆಲ್ಲಗೆ. "ಅದೂ ಮೊದಲೆರಡು ಚಿತ್ರದಲ್ಲಿ ಅಂಟಿಸಿದ್ದು."

ಅವಳು ನಕ್ಕಳು. ನಾಯಕನೂ ನಕ್ಕ. ನಗುವುದನ್ನು ಹಿರಿಯ ಕೇಳಿದರೆ ಇದೂ ಒಂದು ಕೆಲಸವಾಗುತ್ತದೆಯೋ ಏನೋ ಎಂದು ಅವನಿಗೆ ಆಸೆಯಾಯಿತು. ಆದರೆ ಹದಿನಾಲ್ಕು ಚಿತ್ರಗಳಲ್ಲಿ ಅವನು ನದಿಯ ದಂಡೆಯಲ್ಲಿ ಕೂತು ನಕ್ಕಿದ್ದ. ನಕ್ಕದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವನು ಪ್ರಶ್ನೆಯನ್ನು ಹೇಳಿದ, ಗೂಡನ್ನು ಹೇಳಿದ, ನೊಣವನ್ನು ಹೇಳಿದ. ಸಂಜೆಯೊಳಗೆ ಒಂದು ಕೆಲಸ ಸಿಗದಿದ್ದರೆ ತನ್ನ ಕತೆ ಮುಗಿಯಿತು ಎಂದ. ಒಗೆಯುವವಳು ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತು, ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು.

"ಒಂದು ಇದೆ," ಎಂದಳು. "ನಾನು ಕಂಡಿದ್ದೀನಿ."

ನಾಯಕ ಎದ್ದು ನಿಂತ.

"ಇವನ ಕಾಲು ಮುರೀತಲ್ಲ, ಆ ದಿನ. ಗೋಡೆ ಕೆಳಗೆ ಬಿದ್ದಿದ್ದ. ಉರಿಬಿಸಿಲು. ಚಿತ್ರ ತೆಗೆಯೋ ಯಂತ್ರದ ಕಣ್ಣು ಮುಚ್ಚಿ, ಆವತ್ತಿನದು ಆಯ್ತು ಅಂತ ಎಲ್ಲ ಗಂಟುಮೂಟೆ ಕಟ್ತಾ ಇದ್ದರು. ನೀರು ನೀರು ಅಂತಿದ್ದ. ನಾನು ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದೆ, ಇವನಿಗೆ ಅಂತ. ಕೊತ್ತಂಬರಿ ಹಾಕಿ, ಹಸಿಮೆಣಸಿನಕಾಯಿ ಜಜ್ಜಿ. ನೀನು ಹತ್ತಿರದಲ್ಲೇ ಕುರ್ಚಿ ಮೇಲೆ ಕೂತಿದ್ದೆ. ನಾನು ನಿನ್ನ ಮುಂದೆ ಹಾದು ಹೋಗ್ತಿದ್ದೆ. ನೀನು ಕೈ ಚಾಚಿ ಚೊಂಬು ತಗೊಂಡೆ. ಕುಡಿದೆ. ಕೊನೇ ಗುಟುಕಿನ ತನಕ ಕುಡಿದೆ. ಮೀಸೆ ಒರೆಸಿಕೊಂಡು, ಉಪ್ಪು ಕಡಿಮೆ ಅಂದೆ. ಖಾಲಿ ಚೊಂಬು ನನ್ನ ಕೈಗೆ ಕೊಟ್ಟೆ."

ನದಿ ಹರಿಯುತ್ತಿತ್ತು. ಬೀಳುವವನು ತನ್ನ ಕಾಲಿನ ಕಡೆ ನೋಡಿಕೊಂಡ, ಅದು ಯಾರದೋ ಎಂಬಂತೆ.

ನಾಯಕನ ಮುಖ ಅರಳಿತು. "ಹೌದು! ಉಪ್ಪು ಕಡಿಮೆಯಿತ್ತು! ನನಗೆ ನೆನಪಿದೆ! ಆ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ, ನಾನೇ ಅಂದದ್ದು. ಕುಡಿದವನು ನಾನೇ, ನನ್ನ ಗಂಟಲು, ನನ್ನ ಬಾಯಾರಿಕೆ!" ಕುಣಿಯುವುದೊಂದು ಬಾಕಿ. ಎದುರಿಗೆ ಕೂತವನ ಬಾಯಾರಿಕೆ ಅವನಿಗೆ ಇನ್ನೂ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು. ಕುಣಿಯಲು ಎತ್ತಿದ ಕೈಗಳು ಕೆಳಗಿಳಿದವು.

"ನೀನು ಬಾಯಾರಿದ್ದೆಯಾ?" ಎಂದು ಬೀಳುವವನನ್ನು ಕೇಳಿದ.

"ಇರಲಿ ಬಿಡಿ ಅಣ್ಣಾ. ಆಮೇಲೆ ಈ ಅಕ್ಕ ನೀರು ತಂದುಕೊಟ್ಟಳು."

"ಅದನ್ನು ಹೇಳುತ್ತೀಯಾ?" ನಾಯಕ ಒಗೆಯುವವಳ ಕಡೆ ತಿರುಗಿದ. "ಹಿರಿಯನ ಮುಂದೆ?"

"ಹೇಳ್ತೀನಿ. ಕಂಡದ್ದು ಹೇಳೋಕೆ ನನಗೆ ಯಾವ ದೊಣ್ಣೆನಾಯಕನ ಭಯ? ಆದರೆ ಮೊದಲು ನೀನು ಹೇಳಬೇಕು, ಆಮೇಲೆ ನಾನು ಹೌದು ಅನ್ನಬೇಕು. ಹಾಗೆ ತಾನೇ ಪದ್ಧತಿ? ಆದದ್ದನ್ನ ಆದ ಹಾಗೆ ಹೇಳು. ಒಂದು ಗುಟುಕು ಹೆಚ್ಚಿಲ್ಲ, ಒಂದು ಗುಟುಕು ಕಡಿಮೆ ಇಲ್ಲ. ಹೆಚ್ಚುಕಡಿಮೆ ಮಾಡಿದರೆ ನನ್ನ ನಾಲಗೆ ಏಳೋದಿಲ್ಲ."

"ಆದ ಹಾಗೆಯೇ ಹೇಳುತ್ತೇನೆ," ಎಂದ ನಾಯಕ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ದಾರಿಯುದ್ದಕ್ಕೂ ಅವನು ಬಾಯಿಪಾಠ ಮಾಡಿದ. ಕುಡಿದೆ. ಉಪ್ಪು ಕಡಿಮೆ ಎಂದೆ. ಕುಡಿದೆ. ಉಪ್ಪು ಕಡಿಮೆ ಎಂದೆ. ಅವನು ಮುಂದೆ, ಬೀಳುವವನು ಕುಂಟುತ್ತ ಪಕ್ಕದಲ್ಲಿ, ಒದ್ದೆ ಸೆರಗು ಹಿಂಡಿಕೊಳ್ಳುತ್ತ ಒಗೆಯುವವಳು ಹಿಂದೆ. ಮೂವರೂ ಹಾಗೆ ನಡೆಯುವುದನ್ನು ಊರು ಎಂದೂ ಕಂಡಿರಲಿಲ್ಲ.

ಹಜಾರದ ಮುಂದಿನ ಬಯಲಿನಲ್ಲಿ ಜನ ತುಂಬಿದ್ದರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿರಿಯ ಕಟ್ಟೆಯ ಮೇಲೆ ನಿಂತು ಹೆಗಲ ಬಟ್ಟೆಯ ಮಡಿಕೆ ಬಿಚ್ಚುತ್ತಿದ್ದ. ನಾಯಕ ಏನೂ ತರುವುದಿಲ್ಲವೆಂದು ಅವನಿಗೆ ಭರವಸೆಯಿತ್ತು. ಅವನು ಹಿರಿಯನಾದ ಮೇಲೆ ಯಾವ ನಾಯಕನೂ ಏನನ್ನೂ ತಂದಿರಲಿಲ್ಲ.

"ಬಟ್ಟೆಯಿಂದ ಆಚೆ ಮಾಡಿದ ಕೆಲಸ ಇದೆಯೇ?"

"ಇದೆ," ಎಂದ ನಾಯಕ.

ಸಾವಿರ ಮುಖಗಳು ಅವನ ಕಡೆ ಹೊರಳಿದವು. ಅವನು ಕಟ್ಟೆಯನ್ನು ಹತ್ತಿದ. ಕಟ್ಟೆ ಹತ್ತಬಾರದಿತ್ತು, ಕೆಳಗೆ ನಿಂತೇ ಹೇಳಿಬಿಡಬೇಕಿತ್ತು.

"ಒಂದು ದಿನ," ಎಂದು ಶುರುಮಾಡಿದ. ಅವನ ಕಂಠ ಬಯಲಿನ ಕೊನೆಯವರೆಗೆ ಹೋಗಿ ತಿರುಗಿ ಬಂತು. "ಒಂದು ದಿನ ಇವನು ಗೋಡೆಯಿಂದ ಬಿದ್ದ. ಕಾಲು ಮುರಿಯಿತು."

ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಒಗೆಯುವವಳು ತಲೆಯಾಡಿಸಿದಳು.

"ಉರಿಬಿಸಿಲು. ನೀರು, ನೀರು ಎನ್ನುತ್ತಿದ್ದ. ಒಂದು ಚೊಂಬು ಮಜ್ಜಿಗೆ ಬಂತು. ಅದು ನನ್ನ ಕೈಗೆ ಬಂತು."

ಇದೂ ಸರಿಯಾಗಿಯೇ ಇತ್ತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಗಂಡನ ಪಂಚೆ ಹಿಡಿದ ನದಿಯ ಹೆಂಗಸು ಬಾಯಿ ತೆರೆದು ಕೇಳುತ್ತಿದ್ದಳು. ನಾಯಕ ಒಂದು ಉಸಿರಿನಷ್ಟು ಮಾತು ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಬಹಳ ಚೆನ್ನಾಗಿ ಗೊತ್ತಿತ್ತು.

"ನನಗೂ ಬಾಯಾರಿಕೆ," ಎಂದ. "ಗಂಟಲು ಒಣಗಿತ್ತು. ಆದರೂ ನಾನು ಮಂಡಿಯೂರಿ ಕೂತು, ಇವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಗುಟುಕು..."

ಬಯಲು ಅತ್ತಿತು. ಅಳುತ್ತಲೇ ಜಯಕಾರ ಹಾಕಿತು.

ಹಿರಿಯ ಕೈಯೆತ್ತಿ ಸದ್ದಡಗಿಸಿದ. "ಕಂಡವರು ಯಾರು?"

"ನಾನು," ಎಂದಳು ಒಗೆಯುವವಳು.

"ಕೊಟ್ಟನೇ?"

"ಇಲ್ಲ."

ಸಾವಿರ ಮುಖಗಳು ಈಗ ಅವಳ ಕಡೆ ತಿರುಗಿದವು. ಯಾವ ಮುಖದಲ್ಲೂ ಕಣ್ಣೀರು ಉಳಿದಿರಲಿಲ್ಲ.

"ಹೌದು ಅಂದುಬಿಡೇ! ನಿನ್ನ ಗಂಟೇನು ಹೋಗುತ್ತೆ?" ಎಂದು ಒಬ್ಬಳು ಕೂಗಿದಳು.

"ಹೊಟ್ಟೆಕಿಚ್ಚು ಮುಂಡೇದಕ್ಕೆ!" ಎಂದ ಇನ್ನೊಬ್ಬ.

"ನನ್ನ ಗಂಟು ಏನೂ ಇಲ್ಲ ಕಣೋ ಹೋಗೋಕೆ," ಎಂದಳು ಅವಳು. "ಇರೋದು ಎರಡು ಕಣ್ಣು. ಅವನ್ನ ನಿಮ್ಮ ಹಜಾರದ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬರೋ ಅಭ್ಯಾಸ ನನಗಿಲ್ಲ."

ಪ್ರಶ್ನೆಯನ್ನು ಮೂರು ಸಲ ಕೇಳಬೇಕೆಂದು ಪದ್ಧತಿ. ಹಿರಿಯ ಎರಡನೆಯ ಸಲ ಕೇಳಿದ. "ನಾಯಕರೇ, ಕಂಡವಳು ಇಲ್ಲ ಎನ್ನುತ್ತಾಳೆ. ಏನು ಮಾಡಿದಿರಿ?"

ನಾಯಕ ಒಗೆಯುವವಳನ್ನು ನೋಡಿದ. ಅವಳು ಏನನ್ನೂ ಬೇಡದ, ಏನನ್ನೂ ಕೊಡದ ಮುಖ ಮಾಡಿ ನಿಂತಿದ್ದಳು. ಹೇಳು ಎಂದಳು, ತುಟಿಯಲ್ಲಷ್ಟೇ. ಅವನು ಜನರನ್ನು ನೋಡಿದ. ಕುಡಿದೆ ಎಂದರೆ ಈ ಮುಖಗಳು ಏನಾಗುತ್ತವೆ ಎಂದು ನೋಡಿದ.

"ಕೊಟ್ಟೆ," ಎಂದ.

"ಇಲ್ಲ," ಎಂದಳು ಅವಳು.

ಆಗ ಬೀಳುವವನು ಗುಂಪನ್ನು ಸೀಳಿಕೊಂಡು, ಕುಂಟುತ್ತ, ಎಡವುತ್ತ ಕಟ್ಟೆಯ ಬುಡಕ್ಕೆ ಬಂದ.

"ಅಣ್ಣಾ, ಕುಡಿದೆ ಅನ್ನಿ ಅಣ್ಣಾ! ಏನೂ ಆಗಲ್ಲ. ನಾನೇ ಬೇಡ ಅಂದೆ ಅಂತ ಹೇಳ್ತೀನಿ. ನನಗೆ ಮಜ್ಜಿಗೆ ಸೇರೋದಿಲ್ಲ ಅಂತ ಹೇಳ್ತೀನಿ! ಆ ಗೂಡಿಗೆ ಹೋಗಬೇಡಿ. ಇದೊಂದು ಸಲ ನಿಮ್ಮ ಬದಲು ನಾನು ಬೀಳೋಕೆ ಆಗಲ್ಲ ಅಣ್ಣಾ!"

ಹಿರಿಯ ಮೂರನೆಯ ಸಲ ಕೇಳಿದ.

ನಾಯಕನ ಬಾಯಿ ತೆರೆಯಿತು. ಕು ಎಂಬ ಅಕ್ಷರದ ಆಕಾರಕ್ಕೆ ತುಟಿಗಳು ಬಂದದ್ದನ್ನು ಒಗೆಯುವವಳು ಕಂಡಳು. ಆದರೆ ಬೀಳುವವನು ಹಾಗೆ ಕಟ್ಟೆಯ ಬುಡದಲ್ಲಿ ಮುಖವೆತ್ತಿ ನಿಂತದ್ದು, ಸೊಟ್ಟ ಕಾಲು, ಹಿಂದೆ ಅಳಲು ಕಾದ ಜನ, ಎಲ್ಲವೂ ಎಷ್ಟು ಸರಿಯಾಗಿ ಜೋಡಿಸಿದಂತಿತ್ತು. ಅಂಥ ನೋಟದ ನಡುವೆ ನಿಂತು ಉಪ್ಪು ಕಡಿಮೆ ಎನ್ನುವುದು ಹೇಗೆ? ಅವನು ಕೆಳಗೆ ಬಾಗಿ, ಬೀಳುವವನ ತಲೆಯ ಮೇಲೆ ಕೈಯಿಟ್ಟ.

"ನನ್ನ ಪಾಲಿನ ಗುಟುಕೂ ನಿನ್ನದೇ, ತಮ್ಮಾ," ಎಂದ.

ಬಯಲು ಹುಚ್ಚೆದ್ದಿತು.

"ಇಲ್ಲ," ಎಂದಳು ಒಗೆಯುವವಳು, ಮೂರನೆಯ ಸಲ. ಯಾರಿಗೂ ಕೇಳಿಸಲಿಲ್ಲ. ಹಿರಿಯನಿಗೆ ಕೇಳಿಸಿತು, ಅಷ್ಟು ಸಾಕಾಗಿತ್ತು.

ನಾಯಕನನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಸುತ್ತುವುದು ಹಿರಿಯನ ಕೆಲಸ, ಕೊನೆಗೆ ಗಂಟು ಹಾಕುವುದು ಬಟ್ಟೆಯನ್ನು ಒಗೆದವಳ ಕೆಲಸ. ಅವಳು ಕಟ್ಟೆ ಹತ್ತಿ ಬಂದು ಅವನ ಬೆನ್ನ ಹಿಂದೆ ನಿಂತಳು. ಬಟ್ಟೆ ಅವನ ಕಾಲುಗಳನ್ನು ಮುಚ್ಚಿ, ಸೊಂಟವನ್ನು ಮುಚ್ಚಿ, ಕೈಗಳನ್ನು ಮೈಗೆ ಸೇರಿಸಿ ಎದೆಗೆ ಬಂತು. ಆಗ ಅವನಿಗೆ ಗೂಡಿನ ಸುಣ್ಣದ ವಾಸನೆ ಬಡಿಯಿತು.

"ಇನ್ನೊಂದು ಸಲ ಕೇಳಲಿ," ಎಂದು ಪಿಸುಗುಟ್ಟಿದ, ತಲೆ ತಿರುಗಿಸದೆ. "ಹೇಳುತ್ತೇನೆ. ಈ ಸಲ ಹೇಳುತ್ತೇನೆ."

"ಮೂರು ಸಲ ಆಯ್ತು. ಇನ್ನು ಕೇಳೋದಿಲ್ಲ."

"ಹಾಗಾದರೆ?"

"ಕೇಳದೆ ಹೇಳಬಹುದಲ್ಲ. ಬಾಯಿ ಇನ್ನೂ ಕಟ್ಟಿಲ್ಲ. ಗಂಟು ಬೀಳೋ ತನಕ ನೀನು ಮನುಷ್ಯನೇ. ಕೂಗು. ನಾನು ಹೌದು ಅಂತೀನಿ." ಅವಳು ಬಟ್ಟೆಯ ಎರಡು ತುದಿಗಳನ್ನು ಹಿಡಿದು, ಕಟ್ಟದೆ ನಿಂತಳು. ಹಿರಿಯ ಹುಬ್ಬು ಗಂಟಿಕ್ಕಿ ನೋಡಿದ. ಅವಳು ಕದಲಲಿಲ್ಲ. "ಕೂಗಯ್ಯಾ."

ನಾಯಕ ಕತ್ತನ್ನು ಮೇಲೆತ್ತಿದ. ಬಯಲು ಒಮ್ಮೆಗೇ ಸದ್ದಡಗಿತು, ಅವನೇನೋ ಹೇಳಲಿದ್ದಾನೆ ಎಂದು. ಅವನು ಎದೆ ತುಂಬ ಉಸಿರೆಳೆದುಕೊಂಡ. ಆಮೇಲೆ, ಇಳಿಯುತ್ತಿದ್ದ ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ಓರೆಗಣ್ಣಿನಲ್ಲಿ ನೋಡಿ, ಮುಖವನ್ನು ಸ್ವಲ್ಪ ಆ ಕಡೆಗೆ ತಿರುಗಿಸಿದ.

ಒಗೆಯುವವಳು ಗಂಟು ಹಾಕಿದಳು.